ಆಫೀಸ್ ಖಾಲಿ, ಮೀಟರ್ ಮಾತ್ರ ಓಡ್ತಾನೇ ಇದೆ: ಕಟ್ಟಡದ ಕರೆಂಟ್ ಬಿಲ್ ಏರಿದಾಗ ಎಲ್ಲಿಂದ ಹುಡುಕಬೇಕು

ದೋಷ: ಜನ ಜಾಸ್ತಿಯಾಗಿಲ್ಲ, ಹೊಸ ಮೆಷಿನ್ ಬಂದಿಲ್ಲ, ಆದರೂ ಕರೆಂಟ್ ಬಿಲ್ ತಿಂಗಳಿಂದ ತಿಂಗಳಿಗೆ ಏರುತ್ತಿದೆ.

ಯಾವ ಕಟ್ಟಡಕ್ಕೆ: ಬೆಸ್ಕಾಂನಿಂದ ಎಚ್‌ಟಿ (ಹೈ ಟೆನ್ಷನ್) ಸಂಪರ್ಕ, ಸೆಂಟ್ರಲ್ ಎಸಿ, ಡಿಜಿ (ಡೀಸೆಲ್ ಜನರೇಟರ್), ಯುಪಿಎಸ್ ಎಲ್ಲ ಇರುವ ಬೆಂಗಳೂರಿನ ಆಫೀಸ್ ಕಟ್ಟಡ. ಶೋರೂಮ್, ಸಣ್ಣ ಆಸ್ಪತ್ರೆಗಳಿಗೂ ಮುಕ್ಕಾಲು ಪಾಲು ಹೊಂದುತ್ತದೆ.

ಬೇಕಾದ ಸಾಮಾನು: ಹಿಂದಿನ ಎರಡು ವರ್ಷದ ಬಿಲ್‌ಗಳು, ಡಿಜಿ ಲಾಗ್‌ಬುಕ್, ಕ್ಲಾಂಪ್ ಮೀಟರ್ (ತಂತಿಯನ್ನು ಸುತ್ತ ಹಿಡಿದು ಕರೆಂಟ್ ಅಳೆಯುವಂಥದ್ದು), ಒಳ್ಳೆಯ ಥರ್ಮಾಮೀಟರ್, ಟಾರ್ಚ್. ಜೊತೆಗೆ ಒಂದು ರಾತ್ರಿ ನಿದ್ದೆಗೆಡುವ ಮನಸ್ಸು.

ಬಿಲ್ ಏರಿದ ಕೂಡಲೇ ಮೀಟಿಂಗ್‌ನಲ್ಲಿ ಎರಡು ಮಾತು ಬರುತ್ತವೆ. ಒಂದು, ಚಾವಣಿ ಮೇಲೆ ಸೋಲಾರ್ ಹಾಕಿಸೋಣ. ಎರಡು, ಚಿಲ್ಲರ್ (ಸೆಂಟ್ರಲ್ ಎಸಿಗೆ ನೀರು ತಂಪು ಮಾಡುವ ಮೆಷಿನ್) ಹಳೇದಾಯ್ತು, ಹೊಸದು ತರೋಣ. ಎರಡೂ ಕೆಟ್ಟ ಸಲಹೆಯೇನಲ್ಲ. ಆದರೆ ರಾತ್ರಿ ಎರಡು ಗಂಟೆಗೆ ನಿಮ್ಮ ಕಟ್ಟಡದಲ್ಲಿ ಏನೇನು ಓಡುತ್ತಿದೆ ಅನ್ನುವುದಕ್ಕೆ ಉತ್ತರ ಸಿಗುವ ತನಕ ಯಾವ ಕೊಟೇಶನ್‌ಗೂ ಸಹಿ ಹಾಕಬೇಡಿ. ನಾನು ನೋಡಿದ ಕಟ್ಟಡಗಳಲ್ಲಿ ಮೆಷಿನ್ ಕೆಟ್ಟಿದ್ದು ಕಡಿಮೆ. ಓಡಬಾರದ ಹೊತ್ತಲ್ಲಿ ಓಡುತ್ತಿದ್ದುದೇ ಜಾಸ್ತಿ.

ಮೊದಲು ಬಿಲ್ಲನ್ನು ಓದಿ

ರೂಪಾಯಿ ನೋಡಬೇಡಿ, ಯೂನಿಟ್ ನೋಡಿ. ಕರೆಂಟ್ ದರ ನಿಗದಿ ಮಾಡುವ ಕೆಇಆರ್‌ಸಿ ದರ ಬದಲಿಸಿರಬಹುದು, ಇಂಧನ ವೆಚ್ಚದ ಹೊಂದಾಣಿಕೆ ಸೇರಿರಬಹುದು. ಆಗ ಯೂನಿಟ್ ಅಷ್ಟೇ ಇದ್ದರೂ ಮೊತ್ತ ಏರುತ್ತದೆ. ಅದು ಕಟ್ಟಡದ ದೋಷವಲ್ಲ, ಅದಕ್ಕೆ ಈ ಬರಹದಲ್ಲಿ ಮದ್ದೂ ಇಲ್ಲ. ಹೋಲಿಸುವಾಗ ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಡಿಸೆಂಬರ್ ಬಿಲ್ ಪಕ್ಕ ಏಪ್ರಿಲ್ ಬಿಲ್ ಇಟ್ಟುಕೊಂಡು ಗಾಬರಿಯಾಗುವುದರಲ್ಲಿ ಅರ್ಥವಿಲ್ಲ.

ಯೂನಿಟ್ ಏರದೆ ಬಿಲ್ ಏರಿದ್ದರೆ ಇನ್ನೆರಡು ಸಾಲು ನೋಡಿ. ಮೊದಲನೆಯದು ಡಿಮ್ಯಾಂಡ್, ಅಂದರೆ ಕಟ್ಟಡ ಒಂದೇ ಹೊತ್ತಿಗೆ ಎಳೆದ ಗರಿಷ್ಠ ಲೋಡ್‌ನ ಕೆವಿಎ ಲೆಕ್ಕ. ಬೆಸ್ಕಾಂ ಜೊತೆ ಒಪ್ಪಂದವಾದ ಮಿತಿ, ಅಂದರೆ ಕಾಂಟ್ರಾಕ್ಟ್ ಡಿಮ್ಯಾಂಡ್ ದಾಟಿದರೆ ದಾಟಿದಷ್ಟಕ್ಕೆ ದಂಡದ ದರ ಬೀಳುತ್ತದೆ. ಮೀಟರ್ ಇಲ್ಲಿ ದಾಖಲಿಸುವುದು ಮೋಟಾರ್ ಸ್ಟಾರ್ಟ್ ಆದ ಕ್ಷಣದ ಜಿಗಿತವನ್ನಲ್ಲ, ಕೆಲವು ನಿಮಿಷಗಳ ಸರಾಸರಿಯನ್ನು. ಹಾಗಾಗಿ ಸುಮ್ನೆ ಸ್ಟಾರ್ಟರ್‌ಗಳನ್ನು ಬೈಯಬೇಡಿ. ಸೋಮವಾರ ಬೆಳಿಗ್ಗೆ ಎರಡು ಚಿಲ್ಲರ್, ಎಲ್ಲ ಮಹಡಿಯ ಎಎಚ್‌ಯು (ತಣ್ಣೀರಿನಿಂದ ಗಾಳಿ ತಂಪು ಮಾಡಿ ಮಹಡಿಗೆ ಊದುವ ಯಂತ್ರ), ಸಂಪ್‌ನಿಂದ ನೀರೆತ್ತುವ ಪಂಪ್ ಒಟ್ಟಿಗೆ ಓಡಿದ ಅರ್ಧ ಗಂಟೆಯೇ ಸಾಮಾನ್ಯವಾಗಿ ತಿಂಗಳ ಡಿಮ್ಯಾಂಡನ್ನು ನಿರ್ಧರಿಸುತ್ತದೆ. ಚಿಲ್ಲರ್‌ಗಳ ನಡುವೆ ಅರ್ಧ ಗಂಟೆ ಅಂತರ ಕೊಡಿ, ನೀರಿನ ಪಂಪನ್ನು ಬೆಳಗಿನ ಜಾವಕ್ಕೆ ತಳ್ಳಿ. ಕಾಸು ಖರ್ಚಿಲ್ಲದೆ ಕೆಲಸ ಮುಗಿಯುತ್ತದೆ.

ಎರಡನೆಯದು ಪವರ್ ಫ್ಯಾಕ್ಟರ್, ಅಂದರೆ ಎಳೆದ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು. ಎಚ್‌ಟಿ ಸಂಪರ್ಕದಲ್ಲಿ ಇದು 0.90ಕ್ಕಿಂತ ಇಳಿದರೆ ಸರ್‌ಚಾರ್ಜ್ ಬೀಳುತ್ತದೆ. ಹೋದ ತಿಂಗಳು 0.98 ಇದ್ದದ್ದು ಈ ತಿಂಗಳು 0.87 ಆಗಿದ್ದರೆ ಅದನ್ನು ಮೇಲೆತ್ತಿ ಹಿಡಿಯುವ ಕೆಪಾಸಿಟರ್‌ಗಳ ಪ್ಯಾನೆಲ್ ತೆಗೆದು ನೋಡಿ. ಫ್ಯೂಸ್ ಹೋಗಿರುತ್ತದೆ, ಇಲ್ಲವೇ ಕೆಪಾಸಿಟರ್ ಉಬ್ಬಿರುತ್ತದೆ, ಇಲ್ಲವೇ ಕೆಪಾಸಿಟರ್‌ಗಳನ್ನು ತಾನಾಗಿ ಆನ್, ಆಫ್ ಮಾಡುವ ರಿಲೇಯನ್ನು ಯಾರೋ ಮ್ಯಾನುಯಲ್‌ಗೆ ತಿರುಗಿಸಿ ಮರೆತಿರುತ್ತಾರೆ. ಪ್ರತಿ ಕೆಪಾಸಿಟರ್ ಹಂತದ ಮೂರೂ ಫೇಸ್‌ಗೆ ಕ್ಲಾಂಪ್ ಹಾಕಿ. ಆನ್ ಆಗಿದ್ದೂ ಕರೆಂಟ್ ತೋರಿಸದ ಹಂತ ಸತ್ತಿದೆ ಅಂತಲೇ ಲೆಕ್ಕ. ಪ್ಯಾನೆಲ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ, ಡಿಸ್‌ಚಾರ್ಜ್ ಆಗುವ ಮುಂಚೆ ಕೈ ಹಾಕಬೇಡಿ.

ಇನ್ನೊಂದು ಮೋಸವಿದೆ. ಬೆಸ್ಕಾಂ ಯೂನಿಟ್ ಇಳಿದ ತಿಂಗಳು ಎಲ್ಲರೂ ಖುಷಿಪಡುತ್ತಾರೆ. ಡಿಜಿ ಲಾಗ್‌ಬುಕ್ ತೆಗೆದರೆ ಆ ತಿಂಗಳು ಪವರ್ ಕಟ್ ಜಾಸ್ತಿ, ಡೀಸೆಲ್ ಜಾಸ್ತಿ. ಎರಡೂ ಮೂಲದ ಯೂನಿಟ್ ಕೂಡಿಸದೆ ಯಾವ ತೀರ್ಮಾನಕ್ಕೂ ಬರಬೇಡಿ.

ಕೂಡಿಸಿದ ಮೇಲೆ ವರ್ಷದ ಒಟ್ಟು ಯೂನಿಟನ್ನು ಕಟ್ಟಡದ ಚದರ ಮೀಟರ್‌ನಿಂದ ಭಾಗಿಸಿ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇ 2009ರಲ್ಲಿ ಆಫೀಸ್ ಕಟ್ಟಡಗಳಿಗೆ ಶುರು ಮಾಡಿದ ಸ್ಟಾರ್ ರೇಟಿಂಗ್ ಈ ಲೆಕ್ಕದ ಮೇಲೆಯೇ ನಿಂತಿದೆ. ಅದನ್ನು ಇಪಿಐ ಅನ್ನುತ್ತಾರೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ನಮ್ಮಲ್ಲಿ ಎಲ್ಲರ ಬಾಯಲ್ಲೂ ಚದರ ಅಡಿಯೇ ಇರುವುದರಿಂದ 10.76ರಿಂದ ಭಾಗಿಸುವುದನ್ನು ಮರೆಯಬೇಡಿ. 60,000 ಚದರ ಅಡಿ ಅಂದರೆ ಸುಮಾರು 5,575 ಚದರ ಮೀಟರ್. ವರ್ಷಕ್ಕೆ 9,50,000 ಯೂನಿಟ್ ಆದರೆ ಇಪಿಐ 170 ಆಯಿತು. ಬೇಸ್‌ಮೆಂಟ್ ಪಾರ್ಕಿಂಗನ್ನು ವಿಸ್ತೀರ್ಣಕ್ಕೆ ಸೇರಿಸಬೇಡಿ, ಸೇರಿಸಿದರೆ ಅಂಕಿ ಸುಮ್ಮನೆ ಚೆಂದ ಕಾಣುತ್ತದೆ.

ಈ ಅಂಕಿಯನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ವಾರಕ್ಕೆ ಎರಡೇ ದಿನ ಜನ ಬರುವ ಆಫೀಸ್‌ನಲ್ಲಿ ಇಪಿಐ ತಾನಾಗಿಯೇ ಇಳಿಯುತ್ತದೆ. ಕಟ್ಟಡ ಚೆನ್ನಾಗಿದೆ ಅಂತ ಅರ್ಥವಲ್ಲ, ಖಾಲಿಯಿದೆ ಅಂತ ಅರ್ಥ. ಅರ್ಧ ಜನಕ್ಕೆ ಅರ್ಧ ಯೂನಿಟ್ ಇಳಿದಿದೆಯಾ ಅಂತ ಕೇಳಿದರೆ ಹೆಚ್ಚಿನ ಕಡೆ ಉತ್ತರ ಇಲ್ಲ ಅಂತಲೇ.

ರಾತ್ರಿ ಎರಡು ಗಂಟೆಯ ಲೋಡ್

ಎಚ್‌ಟಿ ಮೀಟರ್ ಒಳಗೆ ಪ್ರತಿ ಕೆಲವು ನಿಮಿಷದ ಲೋಡ್ ದಾಖಲಾಗಿರುತ್ತದೆ. ಅದನ್ನು ಡೌನ್‌ಲೋಡ್ ಮಾಡಿಸಿಕೊಂಡರೆ ಅರ್ಧ ರೋಗ ಅಲ್ಲೇ ಕಾಣುತ್ತದೆ. ಆಗದಿದ್ದರೆ ಕರೆಂಟ್ ಒಳಬರುವ ಮುಖ್ಯ ಲೈನ್‌ಗೆ (ಇನ್‌ಕಮರ್) ಒಂದು ವಾರ ಲೋಡ್ ದಾಖಲಿಸುವ ಲಾಗರ್ ಕಟ್ಟಿ. ಅದೂ ಇಲ್ಲದಿದ್ದರೆ ಗೇಟ್‌ನಲ್ಲಿರುವ ಸೆಕ್ಯುರಿಟಿಯವರಿಗೆ ಹೇಳಿ: "ಅಣ್ಣಾ, ರಾತ್ರಿ ಹತ್ತಕ್ಕೆ ಒಂದ್ಸಲ, ಬೆಳಿಗ್ಗೆ ಐದಕ್ಕೆ ಒಂದ್ಸಲ ಮೀಟರ್ ರೀಡಿಂಗ್ ರಿಜಿಸ್ಟರ್‌ನಲ್ಲಿ ಬರೆದಿಡಿ." ಹದಿನೈದು ದಿನ ಬರೆದರೆ ಸಾಕು, ಲಾಗರ್ ಬಾಡಿಗೆ ಉಳಿಯುತ್ತದೆ. ರೀಡಿಂಗ್ ವ್ಯತ್ಯಾಸವನ್ನು ಬಿಲ್‌ನಲ್ಲಿರುವ ಮೀಟರ್ ಕಾನ್‌ಸ್ಟಂಟ್‌ನಿಂದ ಗುಣಿಸಬೇಕು. ಇದನ್ನು ಬಿಟ್ಟು "ರಾತ್ರಿಗೆ ಬರೀ 3 ಯೂನಿಟ್ ಸಾರ್" ಅಂತ ರಿಪೋರ್ಟ್ ಕೊಡುವವರಿದ್ದಾರೆ.

ಒಂದೇ ಶಿಫ್ಟ್ ಇರುವ ಆಫೀಸ್‌ನಲ್ಲಿ ರಾತ್ರಿ ಲೋಡ್ ಹಗಲಿನ ಗರಿಷ್ಠ ಲೋಡ್‌ನ ಕಾಲು ಭಾಗ ದಾಟಿದರೆ ನಾನು ಅನುಮಾನ ಪಡುತ್ತೇನೆ. ಸರ್ವರ್ ರೂಮ್, ಯುಪಿಎಸ್, ಸೆಕ್ಯುರಿಟಿ ಲೈಟ್, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಬ್ಲೋವರ್ ಇವಿಷ್ಟೇ ಇರಬೇಕು. ಇವನ್ನು ಕ್ಲಾಂಪ್‌ನಲ್ಲಿ ಅಳೆದು ಕೂಡಿಸಿ. ಒಟ್ಟು ಲೋಡ್‌ನಿಂದ ಕಳೆದ ಮೇಲೆ 40 ಕಿಲೋವ್ಯಾಟ್ ಲೆಕ್ಕಕ್ಕೆ ಸಿಗದೆ ಉಳಿಯಿತು ಅಂದುಕೊಳ್ಳಿ. ರಾತ್ರಿಗೆ 10 ಗಂಟೆ, ತಿಂಗಳಿಗೆ 30 ರಾತ್ರಿ: 12,000 ಯೂನಿಟ್. ಯಾರಿಗೂ ಉಪಯೋಗವಿಲ್ಲದೆ ಹೋಗುತ್ತಿರುವ ಕರೆಂಟ್ ಇದು.

ಉಳಿದದ್ದು ಎಲ್ಲಿ? ಕತ್ತಲಲ್ಲಿ ಮಹಡಿ ಮಹಡಿ ಹತ್ತಿ. ಎಎಚ್‌ಯು ರೂಮ್ ಬಾಗಿಲಿಗೆ ಕಿವಿ ಕೊಡಿ, ಬೇಸ್‌ಮೆಂಟ್ ಎಕ್ಸಾಸ್ಟ್ ಗ್ರಿಲ್ ಮುಂದೆ ಕೈ ಹಿಡಿಯಿರಿ. ಬೇಸ್‌ಮೆಂಟ್ ಫ್ಯಾನ್‌ಗಳು ಕಳ್ಳರಲ್ಲಿ ಮೊದಲನೆಯವು. ಕಾರುಗಳೇ ಇಲ್ಲದ ಪಾರ್ಕಿಂಗ್‌ನಲ್ಲಿ ರಾತ್ರಿಯಿಡೀ ಗಾಳಿ ಹೊರಹಾಕುತ್ತಿರುತ್ತವೆ. ಕಾರ್ಬನ್ ಮಾನಾಕ್ಸೈಡ್ ಸೆನ್ಸರ್ ಕೆಟ್ಟ ದಿನ ಯಾರೋ ಬೈಪಾಸ್ ಮಾಡಿರುತ್ತಾರೆ, ಅದು ಹಾಗೇ ಉಳಿದಿರುತ್ತದೆ.

ಎಎಚ್‌ಯು ಓಡುತ್ತಿದ್ದರೆ ಪ್ಯಾನೆಲ್ ಬಾಗಿಲು ತೆಗೆದು ಟೈಮರ್ ನೋಡಿ. ಹಳೆಯ ಕಟ್ಟಡಗಳಲ್ಲಿ ಇನ್ನೂ ತಿರುಗುವ ಡಯಲ್ ಇರುವ ಟೈಮರ್‌ಗಳೇ ಇವೆ: ಸುತ್ತಲೂ ಸಣ್ಣ ಹಲ್ಲುಗಳು, ಒಂದೊಂದು ಹಲ್ಲು ಕಾಲು ಗಂಟೆಗೆ, ಅವನ್ನು ಒಳಕ್ಕೆ ಒತ್ತಿ ಇಲ್ಲವೇ ಹೊರಕ್ಕೆ ಎಳೆದು ಆನ್, ಆಫ್ ಹೊತ್ತು ಗೊತ್ತುಮಾಡುತ್ತಾರೆ. ನಡುವಿನ ಬಾಣ ಈಗಿನ ಸಮಯ ತೋರಿಸಬೇಕು. ನಿಮ್ಮ ವಾಚ್‌ನಲ್ಲಿ ರಾತ್ರಿ ಹನ್ನೊಂದು, ಬಾಣ ಮಾತ್ರ ಸಂಜೆ ಐದೂವರೆಯಲ್ಲಿ ನಿಂತಿದ್ದರೆ ಕಳ್ಳ ಸಿಕ್ಕ. ಬ್ಯಾಟರಿ ಇಲ್ಲದ, ಇಲ್ಲವೇ ಬ್ಯಾಟರಿ ಸತ್ತ ಟೈಮರ್ ಕರೆಂಟ್ ಹೋದಾಗ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದ ಮುಂದುವರಿಯುತ್ತದೆ. ಎಎಚ್‌ಯು ಪ್ಯಾನೆಲ್‌ಗಳನ್ನು ಡಿಜಿಗೆ ಕೊಡದೆ ಬಿಟ್ಟಿರುವ ಕಟ್ಟಡದಲ್ಲಿ ಪ್ರತಿ ಪವರ್ ಕಟ್‌ಗೂ ಅದು ಅಷ್ಟಷ್ಟೇ ಹಿಂದೆ ಬೀಳುತ್ತದೆ. ಇವತ್ತು ಇಪ್ಪತ್ತು ನಿಮಿಷ, ನಾಳೆ ಒಂದು ಗಂಟೆ. ಮಳೆಗಾಲ ಮುಗಿಯುವ ಹೊತ್ತಿಗೆ ಸಂಜೆ ಏಳಕ್ಕೆ ಆಫ್ ಆಗಬೇಕಾದ ಫ್ಯಾನ್ ಮಧ್ಯರಾತ್ರಿ ದಾಟಿ ಆಫ್ ಆಗುತ್ತಿರುತ್ತದೆ.

ಬೆಳಿಗ್ಗೆಯೂ ಅಷ್ಟೇ ತಡವಾಗಿ ಆನ್ ಆಗುತ್ತದಲ್ವಾ, ಯಾರಿಗೂ ಗೊತ್ತಾಗಲಿಲ್ಲವೇ ಅಂತ ಕೇಳಬಹುದು. ಗೊತ್ತಾಗುತ್ತದೆ. ಒಂಬತ್ತೂವರೆಗೆ ಸೆಕೆ ಅಂತ ಕಂಪ್ಲೇಂಟ್ ಬರುತ್ತದೆ, ಟೆಕ್ನಿಷಿಯನ್ ಹೋಗಿ ಸ್ವಿಚ್ಚನ್ನು ಆಟೋದಿಂದ ಮ್ಯಾನುಯಲ್‌ಗೆ ತಿರುಗಿಸಿ ಬರುತ್ತಾನೆ. ಕಂಪ್ಲೇಂಟ್ ನಿಂತಿತು. ಅವತ್ತಿನಿಂದ ಎಎಚ್‌ಯು 24 ಗಂಟೆ ಓಡುತ್ತದೆ. ಅವನ ತಪ್ಪೂ ಇಲ್ಲ. ಸೆಕೆಗೆ ಕಂಪ್ಲೇಂಟ್ ಪುಸ್ತಕ ಇದೆ, ಯೂನಿಟ್‌ಗೆ ಇಲ್ಲ.

ಪರಿಹಾರ: ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿ. ಬಿಎಂಎಸ್ (ಕಟ್ಟಡದ ಮೆಷಿನ್‌ಗಳನ್ನೆಲ್ಲ ನಡೆಸುವ ಕಂಪ್ಯೂಟರ್ ವ್ಯವಸ್ಥೆ) ಇದ್ದರೆ ಅದರ ಶೆಡ್ಯೂಲ್ ಪುಟ ತೆಗೆದು ಭಾನುವಾರ ಹೇಗಿದೆ ನೋಡಿ. ಯಾವತ್ತೋ ಒಂದು ಭಾನುವಾರದ ಕೆಲಸಕ್ಕೆ ಮಾಡಿದ ಬದಲಾವಣೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಮ್ಯಾನುಯಲ್‌ನಲ್ಲಿರುವ ಪ್ರತಿ ಸ್ವಿಚ್‌ಗೂ ಒಂದು ಕೆಂಪು ಚೀಟಿ ಅಂಟಿಸಿ: ಯಾಕೆ, ಯಾರು, ಯಾವತ್ತಿನ ತನಕ.

ಚಿಲ್ಲರ್‌ಗೆ ಕೈ ಹಾಕುವ ಮುಂಚೆ

ಲಕ್ಷಣ: ಮೇ ತಿಂಗಳಲ್ಲೂ ಕೆಲವರು ಸ್ವೆಟರ್ ಹಾಕಿಕೊಂಡು ಕೂತಿದ್ದಾರೆ, ಅದೇ ಮಹಡಿಯ ಪಶ್ಚಿಮದ ಕಿಟಕಿ ಪಕ್ಕದವರು ಬೆವರುತ್ತಿದ್ದಾರೆ. ಎಲ್ಲೋ ಒಬ್ಬರು ಮೇಜಿನ ಕೆಳಗೆ ಹೀಟರ್ ಇಟ್ಟುಕೊಂಡಿದ್ದಾರೆ. ಎಸಿ ಆಫೀಸ್‌ನಲ್ಲಿ ಹೀಟರ್ ಕಂಡರೆ ಅವರ ಮೇಲೆ ರೇಗಬೇಡಿ. ಅದಕ್ಕಿಂತ ನಂಬಿಕಸ್ತ ಸೆನ್ಸರ್ ನಿಮ್ಮ ಬಿಎಂಎಸ್‌ನಲ್ಲಿ ಇಲ್ಲ.

ಒಂದು ಸುಲಭ ಪರೀಕ್ಷೆ. ಆ ಮಹಡಿಯ ಥರ್ಮೋಸ್ಟ್ಯಾಟನ್ನು 30 ಡಿಗ್ರಿಗೆ ಏರಿಸಿ, ಹದಿನೈದು ನಿಮಿಷ ಕಾಯಿರಿ. ತಣ್ಣೀರಿನ ವಾಲ್ವ್ ಪೂರ್ತಿ ಮುಚ್ಚಬೇಕು, ಡಕ್ಟ್‌ನಿಂದ ಬರುವ ಗಾಳಿ ರೂಮಿನ ಗಾಳಿಯಷ್ಟೇ ಬೆಚ್ಚಗಾಗಬೇಕು. ಗಾಳಿ ಇನ್ನೂ 15 ಡಿಗ್ರಿಯಲ್ಲೇ ಬರುತ್ತಿದ್ದರೆ ವಾಲ್ವ್ ಮುಚ್ಚಿಲ್ಲ. ವಾಲ್ವನ್ನು ಆಡಿಸುವ ಆಕ್ಚುವೇಟರ್ ತಿರುಗುತ್ತಿದೆಯೇ, ಅದರ ಕ್ಲಾಂಪ್ ಸ್ಪಿಂಡಲ್ ಮೇಲೆ ಜಾರುತ್ತಿದೆಯೇ, ಪಕ್ಕದ ಬೈಪಾಸ್ ವಾಲ್ವನ್ನು ಯಾರಾದರೂ ತೆಗೆದಿಟ್ಟಿದ್ದಾರೆಯೇ ನೋಡಿ. ಬಿಎಂಎಸ್ ಪರದೆ ಮೇಲೆ 0% ಅಂತ ಇರುತ್ತದೆ. ಅದು ಕೊಟ್ಟ ಆದೇಶ ಅಷ್ಟೇ, ವಾಲ್ವ್ ಅದನ್ನು ಕೇಳಿತೇ ಅನ್ನುವುದು ಬೇರೆ ಮಾತು.

ವಾಲ್ವ್ ಸರಿಯಿದ್ದರೆ ಸೆನ್ಸರ್. ನಿಮ್ಮ ಥರ್ಮಾಮೀಟರನ್ನು ಸೆನ್ಸರ್ ಪಕ್ಕ ಇಟ್ಟು ಹೋಲಿಸಿ. ಒಳಾಂಗಣ ಬದಲಿಸಿದ ಆಫೀಸ್‌ಗಳಲ್ಲಿ ಸೆನ್ಸರ್ ಪ್ರಿಂಟರ್ ಹಿಂದೆಯೋ ಪ್ಯಾಂಟ್ರಿ ಗೋಡೆ ಮೇಲೋ ಉಳಿದುಬಿಟ್ಟಿರುತ್ತದೆ. ಕಾಫಿ ಮೆಷಿನ್‌ನ ಬಿಸಿಯನ್ನು ಇಡೀ ಮಹಡಿಯ ಬಿಸಿ ಅಂದುಕೊಂಡು ಎಎಚ್‌ಯು ದುಡಿಯುತ್ತದೆ.

ಆಮೇಲೆ ವಿಎಫ್‌ಡಿ, ಅಂದರೆ ಫ್ಯಾನ್, ಪಂಪ್ ಮೋಟಾರ್‌ಗಳ ವೇಗ ಏರಿಳಿಸುವ ಸಾಧನ. "ನಮ್ಮಲ್ಲಿ ಎಲ್ಲದಕ್ಕೂ ವಿಎಫ್‌ಡಿ ಇದೆ" ಅನ್ನುತ್ತಾರೆ. ಡಿಸ್‌ಪ್ಲೇ ನೋಡಿ. ಎಲ್ಲವೂ 50 ಹರ್ಟ್ಸ್‌ನಲ್ಲಿ ನಿಂತಿದ್ದರೆ ಅವು ದುಬಾರಿ ಸ್ಟಾರ್ಟರ್‌ಗಳು ಮಾತ್ರ. ಫ್ಯಾನ್ ಎಳೆಯುವ ಪವರ್ ಅದರ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. 50ರಿಂದ 40 ಹರ್ಟ್ಸ್‌ಗೆ ಇಳಿಸಿದರೆ ಗಾಳಿ ಐದನೇ ಒಂದು ಭಾಗ ಕಡಿಮೆಯಾಗುತ್ತದೆ, ಪವರ್ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಈ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುವುದಿದ್ದರೆ ಇದನ್ನು ಮಾಡಿ.

50ರಲ್ಲೇ ನಿಲ್ಲಲು ಸಾಮಾನ್ಯ ಕಾರಣ ಫಿಲ್ಟರ್. ಔಟರ್ ರಿಂಗ್ ರೋಡ್ ಉದ್ದಕ್ಕೂ ಮೆಟ್ರೋ ಕಾಮಗಾರಿ ನಡೆಯುವಾಗ ಆ ಬದಿಯ ಕಟ್ಟಡಗಳ ಫಿಲ್ಟರ್‌ಗಳು ಎಷ್ಟು ಬೇಗ ಕಟ್ಟಿಕೊಳ್ಳುತ್ತವೆ ಅಂತ ಅಲ್ಲಿ ಕೆಲಸ ಮಾಡುವವರಿಗೆ ಗೊತ್ತು. ತಿಂಗಳಿಗೊಮ್ಮೆ ತೊಳೆಯಬೇಕು ಅಂತ ಕಾಂಟ್ರಾಕ್ಟ್‌ನಲ್ಲಿದ್ದರೆ ಧೂಳಿನ ಕಾಲಕ್ಕೆ ಅದು ಸಾಲದು. ಫಿಲ್ಟರ್‌ನ ಎರಡೂ ಬದಿಯ ಒತ್ತಡದ ವ್ಯತ್ಯಾಸ ನೋಡಿ ತೊಳೆಯಿರಿ, ಕ್ಯಾಲೆಂಡರ್ ನೋಡಿ ಅಲ್ಲ.

ಈಗ ಚಿಲ್ಲರ್, ಕೂಲಿಂಗ್ ಟವರ್, ಮತ್ತು ಟ್ಯಾಂಕರ್ ನೀರು

ವಾಟರ್ ಕೂಲ್ಡ್ ಚಿಲ್ಲರ್‌ನ (ತನ್ನ ಬಿಸಿಯನ್ನು ಕಂಡೆನ್ಸರ್‌ನ ನೀರಿಗೆ ಕೊಟ್ಟು, ಆ ನೀರನ್ನು ಕೂಲಿಂಗ್ ಟವರ್‌ನಲ್ಲಿ ಆರಿಸುವಂಥದ್ದು) ಆರೋಗ್ಯಕ್ಕೆ ಒಂದೇ ಅಂಕಿ: ಒಂದು ಟನ್ ತಂಪಿಗೆ ಎಷ್ಟು ಕಿಲೋವ್ಯಾಟ್. ತಣ್ಣೀರಿನ ಹರಿವನ್ನು ಗಂಟೆಗೆ ಘನ ಮೀಟರ್‌ನಲ್ಲಿ ಅಳೆಯಿರಿ, ಒಳಬರುವ ಮತ್ತು ಹೊರಹೋಗುವ ನೀರಿನ ಉಷ್ಣತೆಯ ವ್ಯತ್ಯಾಸದಿಂದ ಗುಣಿಸಿ, 3.024ರಿಂದ ಭಾಗಿಸಿ. ಹರಿವು 90, ವ್ಯತ್ಯಾಸ 5 ಡಿಗ್ರಿ ಆದರೆ ಸುಮಾರು 149 ಟನ್. ಆಗ ಚಿಲ್ಲರ್ 105 ಕಿಲೋವ್ಯಾಟ್ ಎಳೆಯುತ್ತಿದ್ದರೆ ಟನ್‌ಗೆ 0.70. ಇಂಥ ಚಿಲ್ಲರ್‌ಗೆ ಇದು ತಕ್ಕಮಟ್ಟಿಗೆ ಸರಿ. 0.9 ದಾಟಿದ್ದರೆ ಕಾರಣ ಹುಡುಕಬೇಕು.

ವ್ಯತ್ಯಾಸ 5ರ ಬದಲು 2 ಡಿಗ್ರಿ ಬರುತ್ತಿದ್ದರೆ ಚಿಲ್ಲರನ್ನು ದೂರಬೇಡಿ. ನೀರು ಕೆಲಸ ಮಾಡದೆ ಸುಮ್ನೆ ಸುತ್ತುತ್ತಿದೆ: ಮೇಲೆ ಹೇಳಿದ ಮುಚ್ಚದ ವಾಲ್ವ್‌ಗಳು, ಇಲ್ಲವೇ ಬೇಕಿಲ್ಲದ ಎರಡನೇ ಪಂಪ್.

ಚಿಲ್ಲರ್‌ನದ್ದೇ ತೊಂದರೆಯಾದರೆ ಬೆಂಗಳೂರಿನಲ್ಲಿ ಮೊದಲ ಅನುಮಾನ ನೀರಿನ ಮೇಲೆ. ಬೋರ್‌ವೆಲ್ ನೀರು ಗಡಸು. ಟ್ಯಾಂಕರ್ ನೀರು ಇವತ್ತು ಒಂದು ಬೋರ್‌ನದ್ದು, ನಾಳೆ ಇನ್ನೊಂದರದ್ದು. ಟವರ್‌ನಲ್ಲಿ ನೀರು ಆವಿಯಾಗುತ್ತಾ ಉಪ್ಪು ಉಳಿಯುತ್ತದೆ, ಕಂಡೆನ್ಸರ್ ಟ್ಯೂಬ್ ಒಳಗೆ ಬಿಳಿ ಪದರ ಕಟ್ಟುತ್ತದೆ. ಮನೆಯ ಗೀಸರ್ ಕಾಯಿಲ್ ಮೇಲೆ ಕಟ್ಟುತ್ತದಲ್ಲ, ಅದೇ. 2024ರ ಬೇಸಿಗೆಯಲ್ಲಿ ಬೋರ್‌ಗಳು ಬತ್ತಿ ಸಿಕ್ಕ ನೀರನ್ನೆಲ್ಲ ಟವರ್‌ಗೆ ಸುರಿದ ಕಟ್ಟಡಗಳು ಆಮೇಲೆ ಟ್ಯೂಬ್ ತೆಗೆದು ನೋಡಿದರೆ ಒಳ್ಳೆಯದು.

ತೆಗೆಯದೆಯೂ ತಿಳಿಯಬಹುದು. ಚಿಲ್ಲರ್ ಪ್ಯಾನೆಲ್‌ನಲ್ಲಿ ಕಂಡೆನ್ಸಿಂಗ್ ಉಷ್ಣತೆ ಇರುತ್ತದೆ. ಅದರಿಂದ ಕಂಡೆನ್ಸರ್‌ನಿಂದ ಹೊರಹೋಗುವ ನೀರಿನ ಉಷ್ಣತೆ ಕಳೆಯಿರಿ. ಶುಚಿಯಾದ ಟ್ಯೂಬ್‌ನಲ್ಲಿ ಒಂದೆರಡು ಡಿಗ್ರಿ ಇರುತ್ತದೆ. ಪೂರ್ತಿ ಲೋಡ್‌ನಲ್ಲಿ ನಾಲ್ಕು, ಐದು ಆಗಿದ್ದರೆ ಪದರ ಕಟ್ಟಿದೆ. ಕಂಡೆನ್ಸಿಂಗ್ ಒಂದು ಡಿಗ್ರಿ ಏರಿದರೆ ಚಿಲ್ಲರ್ ಸುಮಾರು 2ರಿಂದ 3% ಜಾಸ್ತಿ ಕರೆಂಟ್ ಎಳೆಯುತ್ತದೆ. ಡಿಸ್ಕೇಲಿಂಗ್ ಮಾಡಿಸಿ (ಪದರ ತೆಗೆಸಿ), ಜೊತೆಗೆ ಬ್ಲೋಡೌನ್, ಅಂದರೆ ಟವರ್‌ನ ಉಪ್ಪು ನೀರನ್ನು ಆಗಾಗ ಹೊರಬಿಡುವುದನ್ನೂ ಸರಿಮಾಡಿ. ನೀರು ಉಳಿಸಲು ಬ್ಲೋಡೌನ್ ವಾಲ್ವನ್ನೇ ಮುಚ್ಚಿಟ್ಟ ಕಟ್ಟಡದಲ್ಲಿ ಡಿಸ್ಕೇಲಿಂಗ್ ಆರು ತಿಂಗಳೂ ಬಾಳುವುದಿಲ್ಲ.

ಹೊರಗೆ ಚಳಿ, ಒಳಗೆ ಚಿಲ್ಲರ್

ಇದನ್ನು ದೋಷ ಅಂತ ಯಾರೂ ಬರೆದುಕೊಳ್ಳುವುದಿಲ್ಲ. ನಾನು ಬರೆಯುತ್ತೇನೆ. ಡಿಸೆಂಬರ್ ಬೆಳಿಗ್ಗೆ ಎಂಟಕ್ಕೆ ಹೊರಗೆ 18 ಡಿಗ್ರಿ. ಕಬ್ಬನ್ ಪಾರ್ಕ್‌ನಲ್ಲಿ ವಾಕಿಂಗ್ ಮಾಡುವವರು ಮಫ್ಲರ್ ಸುತ್ತಿಕೊಂಡಿರುತ್ತಾರೆ. ಅದೇ ಹೊತ್ತಿಗೆ ಪೂರ್ತಿ ಗಾಜಿನ ಕಟ್ಟಡದಲ್ಲಿ ಚಿಲ್ಲರ್ ಆನ್ ಆಗುತ್ತದೆ. ಕಟ್ಟಡ ಸಂಹಿತೆಯ ಹವಾಮಾನ ವಲಯಗಳಲ್ಲಿ ಬೆಂಗಳೂರು ಸಮಶೀತೋಷ್ಣ ವಲಯದಲ್ಲಿದೆ. ಆ ಭಾಗ್ಯವನ್ನು ಗಾಜು ಹಾಕಿ ಮುಚ್ಚಿದ್ದೇವೆ.

ಹೊರಗಾಳಿಯನ್ನು ಒಳಬಿಡುವ ಫ್ರೆಶ್ ಏರ್ ಡ್ಯಾಂಪರ್‌ಗಳನ್ನು ಪರೀಕ್ಷಿಸಿ. ತುಕ್ಕು ಹಿಡಿದು ಒಂದೇ ಜಾಗದಲ್ಲಿ ನಿಂತಿರುವುದೇ ಜಾಸ್ತಿ. ಬಿಡಿಸಿದರೆ ತಂಪು ಹೊತ್ತಲ್ಲಿ ಪೂರ್ತಿ ತೆಗೆದು ಹೊರಗಾಳಿಯಿಂದಲೇ ಬೆಳಗಿನ ಒಂದೆರಡು ಗಂಟೆ ತಳ್ಳಬಹುದು. ಮಧ್ಯಾಹ್ನದ ಬಿಸಿಲಿಗೆ ಕನಿಷ್ಠ ಮಟ್ಟಕ್ಕೆ ತರಬೇಕು. ಆ ಕನಿಷ್ಠ ಎಷ್ಟು ಅನ್ನುವುದನ್ನು ಕಾರ್ಬನ್ ಡೈಆಕ್ಸೈಡ್ ಮೀಟರ್ ಹೇಳುತ್ತದೆ: 1,000 ಪಿಪಿಎಂ ಆಸುಪಾಸು ಇದ್ದರೆ ಸರಿ. 500 ಇದ್ದರೆ ಖಾಲಿ ಸೀಟುಗಳಿಗೆ ಗಾಳಿ ತಂಪು ಮಾಡಿ ಕೊಡುತ್ತಿದ್ದೀರಿ.

ಇದೇ ತಿಂಗಳುಗಳಲ್ಲಿ ಚಿಲ್ಲರ್‌ನ ತಣ್ಣೀರನ್ನು 7ರ ಬದಲು 9 ಡಿಗ್ರಿಗೆ ಏರಿಸಿ. ಪ್ರತಿ ಡಿಗ್ರಿಗೂ ಚಿಲ್ಲರ್‌ನಲ್ಲಿ 2ರಿಂದ 3% ಉಳಿತಾಯವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತ್ರ ಹುಷಾರು. ಗಾಳಿಯ ತೇವ ಇಳಿಯದೆ ಕಾರ್ಪೆಟ್ ಮುಗ್ಗಲು ವಾಸನೆ ಹೊಡೆಯುತ್ತದೆ.

ಪಶ್ಚಿಮದ ಗಾಜಿಗೆ ಫಿಲ್ಮ್ ಹಾಕಿಸಬಹುದು. ಹೊರಗಿನಿಂದ ನೆರಳು ಮಾಡಿದರೆ ಇನ್ನೂ ಒಳ್ಳೆಯದು, ಆದರೆ ಓನರ್ ಒಪ್ಪುವುದಿಲ್ಲ.

ಚಿಲ್ಲರೆ ಬಾಬತ್ತು

ಎರಡು ಯುಪಿಎಸ್ ಇದ್ದು ಒಂದೊಂದರ ಮೇಲೆ 15% ಲೋಡ್ ಇದ್ದರೆ ಎರಡೂ ಕಡಿಮೆ ದಕ್ಷತೆಯಲ್ಲಿ ಓಡುತ್ತವೆ, ಅವುಗಳ ಬಿಸಿ ತೆಗೆಯಲು ಮತ್ತೆ ಎಸಿ. ಒಂದಕ್ಕೆ ಸೇರಿಸಲು ಆಗುತ್ತದೆಯೇ ಐಟಿಯವರನ್ನು ಕೇಳಿ. ಸರ್ವರ್ ರೂಮನ್ನು 18 ಡಿಗ್ರಿಯಲ್ಲಿ ಇಡಬೇಕಿಲ್ಲ. ಎಸಿ ಎಂಜಿನಿಯರ್‌ಗಳ ಅಮೆರಿಕದ ಸಂಘ ಆಶ್ರೇಯ ಶಿಫಾರಸು ಸರ್ವರ್ ಒಳಹೋಗುವ ಗಾಳಿಗೆ 27 ಡಿಗ್ರಿಯ ತನಕ ಇದೆ. 24ರಲ್ಲಿ ಇಟ್ಟರೆ ಯಾರ ಎದೆಯೂ ಹೊಡೆದುಕೊಳ್ಳುವುದಿಲ್ಲ. ಸ್ಪ್ಲಿಟ್ ಎಸಿಗಳಿಗೂ 24 ಸಾಕು, 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳು ಆ ಸೆಟ್ಟಿಂಗ್‌ನಲ್ಲೇ ಬರುತ್ತವೆ. ಲೈಟ್‌ಗಳು ಎಲ್‌ಇಡಿ ಆಗಿದ್ದರೆ ಅಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ.

ಸರಿಹೋಯಿತೇ?

ಒಂದು ವಾರಕ್ಕೆ ಒಂದೇ ದೋಷ ಸರಿಮಾಡಿ, ಅದೇ ರಾತ್ರಿ ರೀಡಿಂಗ್, ಅದೇ ಲಾಗರ್ ಇಟ್ಟು ಅಳೆಯಿರಿ. ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಎಷ್ಟು ಉಳಿಯಿತು ಗೊತ್ತಾಗುವುದಿಲ್ಲ, ಮುಂದಿನ ವರ್ಷ ಹಣ ಕೇಳುವಾಗ ಕೈಯಲ್ಲಿ ಕಾಗದ ಇರುವುದಿಲ್ಲ. ಮಳೆ ಬಂದ ವಾರ ಬಿಲ್ ಇಳಿದರೆ ನಿಮ್ಮ ಟೈಮರ್‌ಗೆ ಹೊಗಳಿಕೆ ಕೊಡಬೇಡಿ. ಹೊರಗಿನ ಉಷ್ಣತೆ ಮತ್ತು ಎಷ್ಟು ಜನ ಬಂದಿದ್ದರು ಅನ್ನುವುದನ್ನೂ ಪಕ್ಕದಲ್ಲಿ ಬರೆದಿಡಿ.

ಈ ಪೋಲನ್ನೆಲ್ಲ ಕಳೆದ ಮೇಲೆ ಉಳಿದ ಲೋಡ್ ನೋಡಿ ಸೋಲಾರ್ ಎಷ್ಟು ಬೇಕು, ಹೊಸ ಚಿಲ್ಲರ್ ಎಷ್ಟು ಟನ್‌ನದ್ದು ಸಾಕು ಅಂತ ಲೆಕ್ಕ ಹಾಕಿ. ಮೊದಲಿನ ಕೊಟೇಶನ್‌ಗಿಂತ ಚಿಕ್ಕದೇ ಸಾಕಾಗುತ್ತದೆ. ಕಾಂಟ್ರಾಕ್ಟ್ ಡಿಮ್ಯಾಂಡ್ ಇಳಿಸಲು ಬೆಸ್ಕಾಂಗೆ ಅರ್ಜಿ ಹಾಕುವ ಆಸೆ ಆಗಲೇ ಹುಟ್ಟುತ್ತದೆ. ಜನವರಿ ಅಂಕಿ ನಂಬಿ ಹಾಕಬೇಡಿ. ಮಾರ್ಚ್, ಏಪ್ರಿಲ್ ಎರಡೂ ತಿಂಗಳ ಗರಿಷ್ಠ ಕೆವಿಎ ನೋಡಿಕೊಂಡು ಮೇ ತಿಂಗಳಲ್ಲಿ ಹಾಕಿ.